ಯಾನ್ ಗಾರ್ಬರೆಕ್: ಒಂದೂವರೆ ಗಂಟೆಯಲ್ಲಿ ಕೇಳಿಸುವುದಾದರೆ ಎಲ್ಲಿಂದ ಶುರು ಮಾಡಬೇಕು?

ಕೇಳುಗ_90:

ಎಲ್ಲರಿಗೂ ನಮಸ್ಕಾರ. ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್ ಅವರ ಸಂಗೀತವನ್ನು ಒಂದೂವರೆ ಗಂಟೆಯಲ್ಲಿ ಕೇಳಿಸಿ ವಿವರಿಸುವ ಕಾರ್ಯಕ್ರಮಕ್ಕೆ ಸಿದ್ಧತೆ ನಡೆದಿದೆ. ಬರುವವರಲ್ಲಿ ಹೆಚ್ಚಿನವರಿಗೆ ಜಾಝ್ ಹೊಸದು. ಮೂರು ಕಡೆ ತೊಡಕಾಗಿದೆ.

ಆಲ್ಬಮ್‌ಗಳ ಇಸವಿ ಒಂದೊಂದು ಕಡೆ ಒಂದೊಂದು ಥರ ಸಿಗುತ್ತಿದೆ. ಕಾಲಾನುಕ್ರಮದಲ್ಲಿ ಜೋಡಿಸಲು ಹೋದರೆ ಲೆಕ್ಕವೇ ಕೂಡುತ್ತಿಲ್ಲ. ಎರಡನೆಯದು, ಅವರ ಹೆಸರುವಾಸಿ ರೆಕಾರ್ಡ್‌ಗಳಲ್ಲಿ ಎಷ್ಟೋ ಬೇರೆಯವರ ಹೆಸರಿನಲ್ಲಿವೆ. ಹಾಗಿದ್ದಾಗ ಅವರನ್ನು ತಂಡದ ನಾಯಕ ಎಂದು ಪರಿಚಯಿಸುವುದು ಸರಿಯೇ? ಕೊನೆಯದು, 1970ರ ‘ಆಫ್ರಿಕ್ ಪೆಪ್ಪರ್‌ಬರ್ಡ್’ನಲ್ಲಿ ಕಿರುಚುವ ಟೆನರ್ ಸ್ಯಾಕ್ಸೊಫೋನಿಗೂ ‘ಅಫಿಸಿಯಂ’ನಲ್ಲಿ ಚರ್ಚ್ ಗಾಯಕರ ಮೇಲೆ ತೇಲುವ, ಅದಕ್ಕಿಂತ ಎತ್ತರದ ಶ್ರುತಿಯ ಸೊಪ್ರಾನೊ ಸ್ಯಾಕ್ಸೊಫೋನಿಗೂ ಸಂಬಂಧವೇ ಕಾಣುವುದಿಲ್ಲ. ಎರಡೂ ಒಬ್ಬರದೇ ಉಸಿರು ಎಂದು ಕೇಳುವವರಿಗೆ ತೋರಿಸಿಕೊಡುವುದು ಹೇಗೆ?

ಮಂದ್ರಸ್ಥಾಯಿ:

ಮೊದಲು ಹೆಸರು. ನಾರ್ವೆಯಲ್ಲಿ ಅದು ‘ಯಾನ್’, ‘ಜಾನ್’ ಅಲ್ಲ. ಫಲಕದಲ್ಲೂ ಹಾಗೇ ಬರೆಸಿ.

ಇಸವಿಯ ಗೊಂದಲಕ್ಕೆ ಕಾರಣ ಸರಳ. ಕೆಲವರು ಧ್ವನಿಮುದ್ರಣವಾದ ವರ್ಷ ಬರೆಯುತ್ತಾರೆ, ಕೆಲವರು ಬಿಡುಗಡೆಯ ವರ್ಷ. ಇವರ ವಿಷಯದಲ್ಲಿ ಇವೆರಡರ ನಡುವೆ ಕೆಲವೊಮ್ಮೆ ದಶಕಗಳೇ ಕಳೆದಿವೆ. ಅಮೆರಿಕದ ಪಿಯಾನೊ ವಾದಕ ಕೀತ್ ಜ್ಯಾರೆಟ್ ಜೊತೆಗಿನ ‘ಪರ್ಸನಲ್ ಮೌಂಟನ್ಸ್’ 1979ರಲ್ಲಿ ಟೋಕಿಯೊದಲ್ಲಿ ನುಡಿಸಿದ್ದು, ಹೊರಬಂದದ್ದು 1989ರಲ್ಲಿ. ಅದೇ ಪ್ರವಾಸದ ‘ಸ್ಲೀಪರ್’ ಬಂದದ್ದು 2012ರಲ್ಲಿ. ಬಿಡುಗಡೆಯ ವರ್ಷ ಹಿಡಿದು ಜೋಡಿಸಿದರೆ 32 ವರ್ಷದ ಯುವಕನ ವಾದನ 65ರ ಹಿರಿಯನ ಲೆಕ್ಕಕ್ಕೆ ಹೋಗುತ್ತದೆ. ಇವರ ರೆಕಾರ್ಡ್‌ಗಳನ್ನು ಹೊರತರುವ ಇಸಿಎಂ ಕಂಪನಿ ಸಾಮಾನ್ಯವಾಗಿ ತನ್ನ ಆಲ್ಬಮ್‌ಗಳ ಮೇಲೆ ಧ್ವನಿಮುದ್ರಣದ ತಿಂಗಳು, ಸ್ಟುಡಿಯೊ, ಇಂಜಿನಿಯರ್ ಹೆಸರು ಅಚ್ಚು ಹಾಕುತ್ತದೆ. ಅದನ್ನೇ ನಂಬಿ.

ಈಗ ಆರಂಭದ ವರ್ಷಗಳು. ಹುಟ್ಟಿದ್ದು 1947ರ ಮಾರ್ಚ್ 4ರಂದು, ಮೀಸೆನ್ ಎಂಬ ಊರಿನಲ್ಲಿ. ಬೆಳೆದದ್ದು ಓಸ್ಲೊದಲ್ಲಿ. ತಂದೆ ಯುದ್ಧಕೈದಿಯಾಗಿ ನಾರ್ವೆಗೆ ಬಂದ ಪೋಲೆಂಡಿನವರು, ತಾಯಿ ನಾರ್ವೆಯವರು. ಆಗಿನ ಕಾನೂನಿನ ಪ್ರಕಾರ ಪೌರತ್ವ ತಾನಾಗಿ ಸಿಗದೆ, ಏಳು ವರ್ಷ ತುಂಬುವವರೆಗೆ ಈ ಹುಡುಗ ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಮುಂದೆ ‘ನಾರ್ವೆಯ ದನಿ’ ಎಂದೇ ಲೋಕ ಗುರುತಿಸಿದ ಮನುಷ್ಯನ ಬಾಲ್ಯ ಇದು. ಪರಿಚಯದಲ್ಲಿ ಈ ಒಂದು ವಾಕ್ಯ ತಪ್ಪಿಸಬೇಡಿ.

1961ರಲ್ಲಿ, 14ನೇ ವಯಸ್ಸಿನಲ್ಲಿ, ರೇಡಿಯೊದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರನ್ನು ಕೇಳಿದರು. ಸ್ಯಾಕ್ಸೊಫೋನನ್ನು ತಾವಾಗಿಯೇ ಕಲಿತು, ಮರುವರ್ಷವೇ ಹವ್ಯಾಸಿ ಜಾಝ್ ವಾದಕರ ಸ್ಪರ್ಧೆ ಗೆದ್ದರು. 1965ರಲ್ಲಿ ಮೋಲ್ಡೆ ಜಾಝ್ ಉತ್ಸವದಲ್ಲಿ ಅಮೆರಿಕದ ಜಾರ್ಜ್ ರಸೆಲ್ ಇವರನ್ನು ಕೇಳಿ ತಮ್ಮ ತಂಡಕ್ಕೆ ಕರೆದುಕೊಂಡರು. ಇದು ದೊಡ್ಡ ತಿರುವು. ಆಗ ಸ್ಕ್ಯಾಂಡಿನೇವಿಯಾದಲ್ಲಿದ್ದ ರಸೆಲ್, ಜಾಝ್ ಸ್ವರಸಂಬಂಧಗಳ ಬಗ್ಗೆ ಸಿದ್ಧಾಂತವನ್ನೇ ಕಟ್ಟಿದವರು. ಬದಲಾಗುತ್ತಲೇ ಇರುವ ಕಾರ್ಡ್‌ಗಳ (ಸ್ವರಮೇಳಗಳ) ಹಿಂದೆ ಓಡುವ ಬದಲು ಒಂದು ಸ್ವರಶ್ರೇಣಿಯೊಳಗೆ ನಿಂತು ಯೋಚಿಸುವ ಅಭ್ಯಾಸ ಗಾರ್ಬರೆಕ್‌ಗೆ ಗಟ್ಟಿಯಾದದ್ದು ಅಲ್ಲಿ. ಟ್ರಂಪೆಟ್ ವಾದಕ ಡಾನ್ ಚೆರ‍್ರಿ ಒಡನಾಟದಿಂದ ಇನ್ನೊಂದು ಲಾಭವಾಯಿತು: ಸ್ವಂತ ನೆಲದ ಜಾನಪದ ಹಾಡುಗಳ ಕಡೆ ಕಿವಿ ತಿರುಗಿತು.

1969ರಲ್ಲಿ ಮ್ಯೂನಿಕ್‌ನಲ್ಲಿ ಮಾನ್‌ಫ್ರೆಡ್ ಐಷರ್ ಇಸಿಎಂ ಶುರು ಮಾಡಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಓಸ್ಲೊದ ಬೆಂಡಿಕ್ಸನ್ ಸ್ಟುಡಿಯೊದಲ್ಲಿ ‘ಆಫ್ರಿಕ್ ಪೆಪ್ಪರ್‌ಬರ್ಡ್’ ಮುದ್ರಣವಾಯಿತು. ಗಿಟಾರ್ ಟೆರ್ಯೆ ರಿಪ್‌ಡಾಲ್, ಬೇಸ್ ಆರಿಲ್ಡ್ ಆಂಡರ್ಸನ್, ಡ್ರಮ್ಸ್ ಯೊನ್ ಕ್ರಿಸ್ಟೆನ್ಸನ್. ಇಂಜಿನಿಯರ್ ಯಾನ್ ಎರಿಕ್ ಕೊಂಗ್ಸ್‌ಹಾಗ್. ಗಾರ್ಬರೆಕ್, ಐಷರ್, ಕೊಂಗ್ಸ್‌ಹಾಗ್ ಮೂವರೂ ಒಂದೇ ಕೋಣೆಯಲ್ಲಿ ಕೂತ ಮೊದಲ ಆಲ್ಬಮ್ ಇದು. ಇದರ ಸಂಖ್ಯೆ ಇಸಿಎಂ 1007. ಇದಕ್ಕೂ ಮುಂಚೆ 1967ರಲ್ಲಿ ‘ಟಿಲ್ ವಿಗ್ಡಿಸ್’ ಬಂದಿತ್ತು, ಹಾಗಾಗಿ ಇದನ್ನು ಅವರ ಮೊದಲ ರೆಕಾರ್ಡ್ ಎಂದು ಹೇಳಬೇಡಿ. ಬಹಳ ಜನ ಎಡವುವುದು ಇಲ್ಲೇ.

ತಾಳಮದ್ದಲೆ_ಅಲ್ಲ:

ನಾಯಕತ್ವದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಖಂಡಿತ ನಾಯಕರೇ. ಆದರೆ ಎಲ್ಲರಿಗೂ ಬರೆದುಕೊಟ್ಟು ನುಡಿಸುವ ನಾಯಕರಲ್ಲ, ಜನರನ್ನು ಆರಿಸುವ ನಾಯಕರು. ಅವರ ತಂಡಗಳಲ್ಲಿ ಯಾರು ಬಂದರು, ಯಾರು ಹೋದರು ಎಂಬುದನ್ನು ಹಿಡಿದರೆ ಇಡೀ ವೃತ್ತಿಜೀವನ ಕೈಗೆ ಸಿಗುತ್ತದೆ.

1973ರ ನವೆಂಬರಿನ ‘ವಿಚಿ-ತಾಯ್-ಟೊ’ ನೋಡಿ. ಪಿಯಾನೊ ಬೂಬೊ ಸ್ಟೆನ್ಸನ್, ಬೇಸ್ ಪಾಲೆ ಡೇನಿಯಲ್ಸನ್, ಡ್ರಮ್ಸ್ ಕ್ರಿಸ್ಟೆನ್ಸನ್. ಆಲ್ಬಮ್ ಹೊರಬಂದದ್ದೇ ಗಾರ್ಬರೆಕ್–ಸ್ಟೆನ್ಸನ್ ಕ್ವಾರ್ಟೆಟ್ ಹೆಸರಿನಲ್ಲಿ. ಅದರಲ್ಲಿ ಗಾರ್ಬರೆಕ್ ರಚನೆ ಒಂದೂ ಇಲ್ಲ! ಶೀರ್ಷಿಕೆಯ ಹಾಡು ಅಮೆರಿಕದ ಮೂಲನಿವಾಸಿ ಸ್ಯಾಕ್ಸ್ ವಾದಕ ಜಿಮ್ ಪೆಪ್ಪರ್ ಅವರದು. ಉಳಿದವು ಕಾರ್ಲಾ ಬ್ಲೇ, ಕಾರ್ಲೋಸ್ ಪ್ಯೂಬ್ಲಾ, ಡೇನಿಯಲ್ಸನ್, ಡಾನ್ ಚೆರ‍್ರಿ ಅವರವು. ಕೊನೆಯ ‘ಡಿಸೈರ್‌ಲೆಸ್’ ಸುಮಾರು 20 ನಿಮಿಷ ಓಡುತ್ತದೆ. ಬೇರೆಯವರ ಮಟ್ಟು ಎತ್ತಿಕೊಂಡು ತನ್ನದಾಗಿಸುವ ಕೆಲಸ ಇಲ್ಲೇ ಪಕ್ಕಾ ಆಗಿದೆ.

ಈಗ ಮುಂದಿನ ಏಪ್ರಿಲ್‌ಗೆ ಬನ್ನಿ. 1974ರಲ್ಲಿ ಜ್ಯಾರೆಟ್ ಓಸ್ಲೊಗೆ ಬಂದು ‘ಬಿಲಾಂಗಿಂಗ್’ ಮಾಡಿದಾಗ ಸ್ಟೆನ್ಸನ್ ಜಾಗದಲ್ಲಿ ಅವರೇ ಪಿಯಾನೊಗೆ ಕೂತರು, ಉಳಿದ ಮೂವರು ಅವರೇ. ಅಂದರೆ ಜ್ಯಾರೆಟ್‌ರ ಪ್ರಖ್ಯಾತ ‘ಯುರೋಪಿಯನ್ ಕ್ವಾರ್ಟೆಟ್’ ಮುಕ್ಕಾಲು ಪಾಲು ಆಗಲೇ ಒಟ್ಟಿಗೆ ಪಳಗಿದ ತಂಡ. ರಚನೆಗಳು ಜ್ಯಾರೆಟ್‌ರವು. ಆ ಮಟ್ಟುಗಳನ್ನು ಹಾಡಿನಂತೆ ಹಿಡಿದು ನಿಲ್ಲಿಸಿದ ದನಿ ಗಾರ್ಬರೆಕ್‌ರದು. ‘ಮೈ ಸಾಂಗ್’ 1977ರ ಮುದ್ರಣ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ ‘ನ್ಯೂಡ್ ಆಂಟ್ಸ್’ 1979ರದು. ಅಲ್ಲಿಗೆ ಆ ತಂಡದ ಕಥೆ ಮುಗಿಯಿತು.

ಮುಂದಿನ ಆಯ್ಕೆ ನನ್ನ ಪ್ರಕಾರ ಅತಿ ಮುಖ್ಯವಾದದ್ದು: 1978ರಲ್ಲಿ ಜರ್ಮನಿಯ ಬೇಸ್ ವಾದಕ ಎಬರ್‌ಹಾರ್ಡ್ ವೆಬರ್. ನಿಲ್ಲಿಸಿ ನುಡಿಸುವ ಎಲೆಕ್ಟ್ರಿಕ್ ಬೇಸ್, ಐದು ತಂತಿ. ಆ ಹೆಚ್ಚಿನ ಮೇಲಿನ ತಂತಿಯಿಂದಾಗಿ ಬೇಸ್ ಕೆಳಗೆ ಆಧಾರ ಕೊಡುವುದರ ಜೊತೆಗೆ ಚೆಲ್ಲೊ ಥರ ಹಾಡಲೂ ಆಗುತ್ತದೆ. ಸ್ಯಾಕ್ಸ್ ಸುಮ್ಮನಿದ್ದರೂ ಸಂಗೀತ ಖಾಲಿ ಅನಿಸುವುದಿಲ್ಲ. ಹಾಗಾಗಿಯೇ ಗಾರ್ಬರೆಕ್‌ಗೆ ಕಡಿಮೆ ನುಡಿಸುವ ಧೈರ್ಯ ಬಂತು ಎಂದು ನನ್ನ ನಂಬಿಕೆ. 1988ರಲ್ಲಿ ಕೀಬೋರ್ಡ್‌ಗೆ ರೈನರ್ ಬ್ರೂನಿಂಗ್‌ಹೌಸ್, ಕೆಲ ವರ್ಷದಲ್ಲೇ ತಾಳವಾದ್ಯಕ್ಕೆ ಮಾರಿಲಿನ್ ಮಜೂರ್ ಬಂದ ಮೇಲೆ ಬಹುಕಾಲ ನಿಂತ ‘ಯಾನ್ ಗಾರ್ಬರೆಕ್ ಗ್ರೂಪ್’ ರೂಪುಗೊಂಡಿತು. 1990ರ ‘ಐ ಟುಕ್ ಅಪ್ ದ ರೂನ್ಸ್’, 1992ರಲ್ಲಿ ಮುದ್ರಣವಾದ ‘ಟ್ವೆಲ್ವ್ ಮೂನ್ಸ್’ ಎರಡೂ ಈ ಕಾಲದವು.

2007ರ ಏಪ್ರಿಲ್‌ನಲ್ಲಿ ಬರ್ಲಿನ್‌ನಲ್ಲಿ ವೆಬರ್‌ಗೆ ಪಾರ್ಶ್ವವಾಯು ಹೊಡೆಯಿತು. ಅವರು ಮತ್ತೆ ಬೇಸ್ ನುಡಿಸಲಾಗಲಿಲ್ಲ. ಅವರ ಜಾಗಕ್ಕೆ ಯೂರಿ ಡೇನಿಯಲ್ ಬಂದರು. ಅದೇ ಅಕ್ಟೋಬರಿನ ‘ಡ್ರೆಸ್ಡೆನ್’ ಕಛೇರಿ 2009ರಲ್ಲಿ ಎರಡು ಸಿಡಿಯಾಗಿ ಬಂತು. ನಾಯಕರಾಗಿ ನಾಲ್ಕು ದಶಕ ಕಳೆದ ಮೇಲೆ ತಮ್ಮ ಗ್ರೂಪ್ ಹೆಸರಿನಲ್ಲಿ ಅವರು ಹೊರತಂದ ಮೊದಲ ಲೈವ್ ಆಲ್ಬಮ್ ಅದು. ಇತ್ತ ವೆಬರ್, ಗ್ರೂಪ್‌ನ ಹಳೆಯ ಕಛೇರಿಗಳಲ್ಲಿ ತಾವು ನುಡಿಸಿದ್ದ ಒಂಟಿ ಬೇಸ್ ಭಾಗಗಳನ್ನು ಆಯ್ದು, ಅದರ ಮೇಲೆ ಹೊಸದಾಗಿ ಕಟ್ಟಿ 2012ರಲ್ಲಿ ‘ರೆಜ್ಯೂಮೆ’ ತಂದರು. ಅದರಲ್ಲಿ ಗಾರ್ಬರೆಕ್ ಬಂದು ನುಡಿಸಿದ್ದಾರೆ. ಒಂದು ತಂಡ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಆ ಆಲ್ಬಮ್ ಹಾಕಿ.

ರೀಡ್_ಎರಡೂವರೆ:

ದನಿಯ ಪ್ರಶ್ನೆ ನನಗಿರಲಿ. ‘ಒರಟಿನಿಂದ ಮೃದುವಿಗೆ ಹೋದರು’ ಎಂದು ಹೇಳಿದರೆ ಕೇಳುವವರು ದಾರಿ ತಪ್ಪುತ್ತಾರೆ. ಮೃದುವಾಗಲೇ ಇಲ್ಲ. ‘ಅಫಿಸಿಯಂ’ನ ಸೊಪ್ರಾನೊವನ್ನು ಹೆಡ್‌ಫೋನಿನಲ್ಲಿ ಕೇಳಿ. ಸ್ವರದ ಮೊದಲ ಕ್ಷಣ ಚೂಪಾಗಿದೆ, ಗಾಳಿಯ ಒತ್ತಡ ಪೂರ್ತಿ ಇದೆ. ಕಡಿಮೆಯಾದದ್ದು ಸ್ವರಗಳ ಸಂಖ್ಯೆ. 1970ರಲ್ಲಿ ಅಮೆರಿಕದ ಸ್ಯಾಕ್ಸ್ ವಾದಕರಾದ ಆಲ್ಬರ್ಟ್ ಐಲರ್, ಫೇರೋ ಸ್ಯಾಂಡರ್ಸ್ ಪ್ರಭಾವದಲ್ಲಿ ಒಂದೇ ಉಸಿರಿಗೆ ಹತ್ತು ಕೂಗು ಹಾಕುತ್ತಿದ್ದವರು ಮುಂದೆ ಅದೇ ಉಸಿರನ್ನು ಒಂದು ಸ್ವರಕ್ಕೆ ಕೊಟ್ಟರು. ಈ ಒಂದು ಮಾತನ್ನು ಮೊದಲೇ ಹೇಳಿ, ಆಮೇಲೆ ಎರಡೂ ಆಲ್ಬಮ್ ಹಾಕಿ. ಅವರಿಗೇ ಗೊತ್ತಾಗುತ್ತದೆ.

ಕಿವಿಗೊಡಬೇಕಾದ ಜಾಗ ಹೇಳುತ್ತೇನೆ. ಅವರ ಉದ್ದನೆಯ ಸ್ವರ ನೇರವಾಗಿ, ಕಂಪನವಿಲ್ಲದೆ ಹುಟ್ಟುತ್ತದೆ. ಎಷ್ಟೋ ಸಲ ಅರ್ಧ ಸ್ವರ ಕೆಳಗಿನಿಂದ ಜಾರಿ ಬಂದು ನಿಲ್ಲುತ್ತದೆ. ಬಿಡುವಾಗ ಸಣ್ಣದೊಂದು ಬಾಗು. ದನ ಕರೆಯುವ ಕೂಗಿನಲ್ಲಿ, ಉತ್ತರದ ಸಾಮಿ ಜನರ ‘ಯೊಯಿಕ್’ ಹಾಡಿನಲ್ಲಿ ಸಿಗುವ ನಡೆ ಇದು. 1988ರ ‘ಲೆಜೆಂಡ್ ಆಫ್ ದ ಸೆವೆನ್ ಡ್ರೀಮ್ಸ್’ ಶುರುವಾಗುವುದೇ ಯೊಯಿಕ್ ಆಧಾರದ ಮಟ್ಟಿನಿಂದ.

ಇನ್ನು ವಾದ್ಯ. ಅವರು ನುಡಿಸುವುದು ಬಾಗಿದ ಸೊಪ್ರಾನೊ, ನೇರ ಕೊಳವೆಯದಲ್ಲ. ನೇರ ಸೊಪ್ರಾನೊದ ಬಾಯಿ ನೆಲದ ಕಡೆ ಇರುತ್ತದೆ. ಬಾಗಿದ್ದರಲ್ಲಿ ಅದು ಮುಂದಕ್ಕೆ ತಿರುಗಿರುವುದರಿಂದ ಅಲ್ಲಿಂದ ಹೊರಡುವ ದನಿ ನುಡಿಸುವವರ ಕಿವಿಗೆ ಬೇಗ ಸಿಗುತ್ತದೆ, ಶ್ರುತಿ ತಿದ್ದಿಕೊಳ್ಳಲು ಅನುಕೂಲ. ಸೊಪ್ರಾನೊದಲ್ಲಿ ಇದು ಸಣ್ಣ ವಿಷಯವಲ್ಲ. ಕೊಳವೆ ಚಿಕ್ಕದಾದಷ್ಟೂ ತುಟಿಯ ಚೂರೇ ಬದಲಾವಣೆಗೆ ಶ್ರುತಿ ಜಾಸ್ತಿ ಅಲುಗುತ್ತದೆ.

ಆ ದನಿ ಹಿಡಿಯಲು ಹೊರಟ ವಾದಕರು ಮಾಡುವ ಸಾಮಾನ್ಯ ತಪ್ಪು, ರಿವರ್ಬ್ (ಯಂತ್ರದಿಂದ ಸೇರಿಸುವ ಗುಂಗು) ಏರಿಸುವುದು. ಮೂಲ ಸ್ವರ ತೆಳ್ಳಗಿದ್ದರೆ ರಿವರ್ಬ್ ಆ ತೆಳುವನ್ನೇ ಹಿಗ್ಗಿಸುತ್ತದೆ. ಮೊದಲು ರಿವರ್ಬ್ ಪೂರ್ತಿ ಆಫ್ ಮಾಡಿ, ಟ್ಯೂನರ್ ಎದುರಿಗಿಟ್ಟು, ನಿಮಿಷಕ್ಕೆ 60 ಮಾತ್ರೆಯ ವೇಗದಲ್ಲಿ ಒಂದು ಸ್ವರ 8 ಮಾತ್ರೆ ಹಿಡಿಯಬೇಕು, 4 ಮಾತ್ರೆ ಬಿಡಬೇಕು. ದಿನಕ್ಕೆ 15 ನಿಮಿಷ ಸಾಕು. ಮೇಲಿನ ಸ್ವರಗಳಲ್ಲಿ ಟ್ಯೂನರ್‌ನ ಮುಳ್ಳು ಏರುತ್ತಿದ್ದರೆ ಬಾಯಿ ರೀಡನ್ನು (ಮೌತ್‌ಪೀಸಿನಲ್ಲಿ ಕಂಪಿಸುವ ತೆಳು ಪಟ್ಟಿಯನ್ನು) ಕಚ್ಚುತ್ತಿದೆ ಎಂದರ್ಥ. ಆಗ ತುಟಿ ಸಡಿಲಿಸಿ ಗಾಳಿ ಹೆಚ್ಚಿಸಬೇಕು. ಅರ್ಧ ಸ್ವರದ ಆ ಜಾರನ್ನು ಬೆರಳಿನಿಂದ ಅಲ್ಲ, ತುಟಿ ಮತ್ತು ಗಂಟಲಿನಿಂದ ತರಬೇಕು. ಬೆರಳಿನಿಂದ ತಂದರೆ ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತದೆ.

ಕೇಳುಗ_90:

ಬಹಳ ಉಪಕಾರವಾಯಿತು. ಒಂದು ಉಪಪ್ರಶ್ನೆ. ‘ಅಫಿಸಿಯಂ’ನಲ್ಲಿ ಗಾಯಕರದು ಬರೆದಿಟ್ಟ ಹಳೆಯ ಸಂಗೀತ, ಸ್ಯಾಕ್ಸ್ ಆಶುವಾದನ. ಎರಡೂ ಡಿಕ್ಕಿ ಹೊಡೆಯದೆ ಸಾಗುವುದು ಹೇಗೆ? ಜೊತೆಗೆ, ಪರೀಕ್ಷೆಗೆಂದು ಸಭಾಂಗಣದಲ್ಲಿ ಹಾಕಿ ನೋಡಿದಾಗ ಎಲ್ಲ ಕಲಸಿದಂತೆ ಕೇಳಿತು.

ಮಂದ್ರಸ್ಥಾಯಿ:

ಹಿನ್ನೆಲೆ ಚುಟುಕಾಗಿ: ಹಳೆಯ ಚರ್ಚ್ ಸಂಗೀತಕ್ಕೆ ಹೆಸರಾದ ಇಂಗ್ಲೆಂಡಿನ ಹಿಲಿಯರ್ಡ್ ಎನ್ಸೆಂಬಲ್‌ನ ನಾಲ್ವರನ್ನೂ ಗಾರ್ಬರೆಕ್‌ರನ್ನೂ ಸೇರಿಸುವ ಯೋಚನೆ ಐಷರ್ ಅವರದು. 1993ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಸೇಂಟ್ ಗೆರೋಲ್ಡ್ ಮಠದಲ್ಲಿ ಮುದ್ರಣ, 1994ರಲ್ಲಿ ಬಿಡುಗಡೆ. ಹತ್ತು ಲಕ್ಷಕ್ಕೂ ಮೀರಿ ಮಾರಾಟ. 16ನೇ ಶತಮಾನದ ಸ್ಪೇನ್‌ನ ಮೊರಾಲೆಸ್ ರಚನೆ ‘ಪಾರ್ಚೆ ಮಿಹಿ ದೊಮಿನೆ’ ಆಲ್ಬಮ್‌ನ ಆದಿ, ಮಧ್ಯ, ಅಂತ್ಯ ಮೂರು ಕಡೆ ಬರುತ್ತದೆ. ಇದು ಆಕಾಶದಿಂದ ಉದುರಿದ್ದಲ್ಲ. 1979ರಲ್ಲೇ ಪೈಪ್ ಆರ್ಗನ್ ಜೊತೆ ‘ಆಫ್ಟನ್‌ಲಾಂಡ್’ ಮಾಡಿದ್ದರು, 1988ರಲ್ಲಿ ಗಾಯಕಿ ಆಗ್ನೆಸ್ ಬುಯೆನ್ ಗಾರ್ನೊಸ್ ಜೊತೆ ನಾರ್ವೆಯ ಮಧ್ಯಯುಗದ ಹಾಡುಗಳ ‘ರೋಸೆನ್ಸ್‌ಫೋಲೆ’ ಮಾಡಿದ್ದರು.

ಮೊರಾಲೆಸ್ ರಚನೆಯಲ್ಲಿ ಸ್ವರಮೇಳಗಳು ನಿಧಾನಕ್ಕೆ ಬದಲಾಗುತ್ತವೆ. ಅದಕ್ಕೇ ಡಿಕ್ಕಿಯಾಗುವುದಿಲ್ಲ. ಕಲ್ಲಿನ ಕಟ್ಟಡದಲ್ಲಿ ನುಡಿಸಿದ ಸ್ವರ ನಿಂತ ಮೇಲೂ ಕೆಲವು ಸೆಕೆಂಡು ಉಳಿಯುತ್ತದೆ. ಅಂದರೆ ವಾದಕ ಈಗ ನುಡಿಸುವ ಸ್ವರ ಮುಂದಿನ ಸ್ವರಮೇಳದ ಜೊತೆಗೂ ಕೂಡಬೇಕು. ಎರಡಕ್ಕೂ ಹೊಂದುವ ಸ್ವರವನ್ನು ಆರಿಸುವುದು, ಇಲ್ಲವೇ ಸುಮ್ಮನಿರುವುದು. ಅವರು ಎರಡನ್ನೂ ಮಾಡುತ್ತಾರೆ. ಕೇಳುವಾಗ ಅವರು ಸುಮ್ಮನಿದ್ದ ಜಾಗಗಳನ್ನು ಎಣಿಸಿ ನೋಡಿ.

ರೀಡ್_ಎರಡೂವರೆ:

ಇದಕ್ಕೆ ಶ್ರುತಿಯ ವಿಷಯ ಸೇರಿಸುತ್ತೇನೆ, ಯಾರೂ ಇದನ್ನು ಹೇಳುವುದಿಲ್ಲ. ಪಕ್ಕವಾದ್ಯವಿಲ್ಲದ ಗಾಯಕರು ಸ್ವರಮೇಳದ ಗಾಂಧಾರವನ್ನು ಸಹಜ ಶ್ರುತಿಗೆ ಇಳಿಸಿ ಹಾಡಬಲ್ಲರು. ಅದು ಪಿಯಾನೊದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ (ಒಂದು ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಪಾಲು). ಸ್ಯಾಕ್ಸೊಫೋನಿನ ತೂತುಗಳು ಪಿಯಾನೊದಂತೆಯೇ ಸಮಪಾಲಿನ ಶ್ರುತಿಗೆ ಕೊರೆದವು. ಆ 14 ಸೆಂಟನ್ನು ತುಟಿಯಿಂದ ಇಳಿಸದಿದ್ದರೆ ಸ್ವರ ಗಾಯಕರ ನಡುವೆ ಮುಳ್ಳಿನಂತೆ ನಿಲ್ಲುತ್ತದೆ. ಜೊತೆಗೆ ಚಳಿ. ವಾದ್ಯದೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. ತಣ್ಣನೆಯ ಚರ್ಚಿನಲ್ಲಿ ಐದು ನಿಮಿಷ ಸುಮ್ಮನಿದ್ದು ಮತ್ತೆ ನುಡಿಸಬೇಕಾದವರು ಅಷ್ಟು ಹೊತ್ತೂ ಸದ್ದಿಲ್ಲದೆ ವಾದ್ಯದೊಳಗೆ ಬೆಚ್ಚಗಿನ ಉಸಿರು ಬಿಡುತ್ತಿರಬೇಕು, ಇಲ್ಲವೇ ಮೌತ್‌ಪೀಸನ್ನು ಚೂರು ಒಳಕ್ಕೆ ತಳ್ಳಬೇಕು.

ನಿಮ್ಮ ಸಭಾಂಗಣದ ಕಲಸುಮೇಲೋಗರಕ್ಕೆ ಕಾರಣ ಇಮ್ಮಡಿ ಪ್ರತಿಧ್ವನಿ. ಮಠದ ಗುಂಗು ರೆಕಾರ್ಡಿನಲ್ಲೇ ಇದೆ, ಅದರ ಮೇಲೆ ನಿಮ್ಮ ಗೋಡೆಗಳದ್ದೂ ಸೇರುತ್ತಿದೆ. ಸ್ಪೀಕರ್‌ಗಳನ್ನು ಗೋಡೆಯಿಂದ ಕನಿಷ್ಠ ಒಂದು ಮೀಟರ್ ಮುಂದೆ ತಂದು, ಕೇಳುವವರ ಕಿವಿಯ ಎತ್ತರಕ್ಕೆ ಇಟ್ಟು, ಕುರ್ಚಿಗಳನ್ನು ಹತ್ತಿರಕ್ಕೆ ಎಳೆಯಿರಿ. ಆಂಪ್ಲಿಫೈಯರಿನಲ್ಲಿ ‘ಹಾಲ್’, ‘ಸರೌಂಡ್’ ಅಂತ ಏನಾದರೂ ಒತ್ತಿದ್ದರೆ ತೆಗೆಯಿರಿ. ವಾಲ್ಯೂಮ್ ಏರಿಸಿದಷ್ಟೂ ಕೆಡುತ್ತದೆ.

ತಾಳಮದ್ದಲೆ_ಅಲ್ಲ:

ಹಾಕುವ ಕ್ರಮಕ್ಕೆ ನನ್ನ ಸಲಹೆ. ‘ಆಫ್ರಿಕ್ ಪೆಪ್ಪರ್‌ಬರ್ಡ್’ನ ‘ಬೀಸ್ಟ್ ಆಫ್ ಕೊಮೊಡೊ’ ಮೊದಲ 6 ನಿಮಿಷ ಹಾಕಿ ನಿಧಾನಕ್ಕೆ ತಗ್ಗಿಸಿ. ಆಮೇಲೆ ‘ವಿಚಿ-ತಾಯ್-ಟೊ’ ಶೀರ್ಷಿಕೆ ಹಾಡು ಪೂರ್ತಿ, ನಾಲ್ಕೂವರೆ ನಿಮಿಷದೊಳಗೆ ಮುಗಿಯುತ್ತದೆ. ‘ಬಿಲಾಂಗಿಂಗ್’ನಿಂದ ‘ಸ್ಪೈರಲ್ ಡಾನ್ಸ್’, ಸುಮಾರು 4 ನಿಮಿಷ. 1976ರ ‘ಡಿಸ್’ನಿಂದ ‘ವಾಂಡ್ರೆರೆ’ ಮೊದಲ 6 ನಿಮಿಷ. ಇದರಲ್ಲಿ ಕೇಳುವ ಝೇಂಕಾರ ನಾರ್ವೆಯ ಕರಾವಳಿಯಲ್ಲಿ ಗಾಳಿಗೆ ಒಡ್ಡಿದ ವಾಯುವೀಣೆಯದು, ಸಿಂಥಸೈಜರ್ ಅಲ್ಲ. ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ‘ರಾಗಾಸ್ ಅಂಡ್ ಸಾಗಾಸ್’ನಿಂದ ‘ರಾಗ 1’ 6 ನಿಮಿಷ, ‘ರೂನ್ಸ್’ನಿಂದ ಮೋಲ್ಡೆ ಉತ್ಸವಕ್ಕೆಂದು ರಚಿಸಿದ ‘ಮೋಲ್ಡೆ ಕ್ಯಾಂಟಿಕಲ್’ ಮೊದಲ ಭಾಗ 5 ನಿಮಿಷ, ‘ಪಾರ್ಚೆ ಮಿಹಿ’ ಪೂರ್ತಿ 7 ನಿಮಿಷ, ಕೊನೆಗೆ ‘ಡ್ರೆಸ್ಡೆನ್’ನ ಮೊದಲ ಹಾಡು ‘ಪೇಪರ್ ನಟ್’ 8 ನಿಮಿಷ. ಒಟ್ಟು ಸುಮಾರು 47 ನಿಮಿಷ, ಉಳಿದದ್ದು ಮಾತಿಗೆ. ಮೊದಲ ಹಾಡಿಗೂ ‘ಪಾರ್ಚೆ ಮಿಹಿ’ಗೂ ವಾಲ್ಯೂಮ್ ವ್ಯತ್ಯಾಸ ಬಹಳ, ಎರಡರ ಗುರುತನ್ನೂ ಮೊದಲೇ ಹಾಕಿಟ್ಟುಕೊಳ್ಳಿ.

‘ಪೇಪರ್ ನಟ್’ ಗಾರ್ಬರೆಕ್ ರಚನೆಯಲ್ಲ, ಪಿಟೀಲು ವಾದಕ ಎಲ್. ಶಂಕರ್ ಅವರದು. 1984ರಲ್ಲಿ ಶಂಕರ್ ಅವರ ‘ಸಾಂಗ್ ಫಾರ್ ಎವ್ರಿವನ್’ಗೆ ಜಾಕಿರ್ ಹುಸೇನ್, ತ್ರಿಲೋಕ್ ಗುರ್ತು ಜೊತೆ ನುಡಿಸಿದ್ದ ಮಟ್ಟು. 23 ವರ್ಷದ ಮೇಲೆ ತಮ್ಮ ಕಛೇರಿಯನ್ನು ಅದರಿಂದಲೇ ತೆರೆದಿದ್ದಾರೆ.

ಮಂದ್ರಸ್ಥಾಯಿ:

ಕ್ರಮ ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ. ‘ರಾಗಾಸ್ ಅಂಡ್ ಸಾಗಾಸ್’ 1990ರಲ್ಲಿ ಮುದ್ರಣವಾಗಿ 1992ರಲ್ಲಿ ಬಂದದ್ದು. ಅದರಲ್ಲಿ ಹಾಡಿರುವವರು ಪಟಿಯಾಲಾ ಘರಾಣೆಯ ಉಸ್ತಾದ್ ಫತೇ ಅಲಿ ಖಾನ್. ಕವ್ವಾಲಿಯ ನುಸ್ರತ್ ಫತೇ ಅಲಿ ಖಾನ್ ಬೇರೆ. ನುಸ್ರತ್ ಅವರ ತಂದೆಯ ಹೆಸರೂ ಫತೇ ಅಲಿ ಖಾನ್ ಆಗಿರುವುದರಿಂದ ಗೊಂದಲ ಇನ್ನೂ ಹೆಚ್ಚು. ಕರಪತ್ರ ಅಚ್ಚಾಗುವ ಮೊದಲು ಆ ಸಾಲನ್ನೊಮ್ಮೆ ನೋಡಿಬಿಡಿ. ತಬಲಾ ಶೌಕತ್ ಹುಸೇನ್, ಸಾರಂಗಿ ನಾಜಿಮ್ ಅಲಿ ಖಾನ್, ಡ್ರಮ್ಸ್ ಮನು ಕಾಚೆ. ಅವರ ಹೆಸರುಗಳೂ ಇರಲಿ.